ಸೋಬಾನೆಗೆ ಸೇರಿದ ಹೆಸರು

ದೊಡ್ಡನೆಕ್ಕುಂದಿಗೆ ಕಾರ್ಖಾನೆಗಳು ಬರುವ ಮೊದಲಿನಿಂದಲೂ ಇದ್ದ ಸೋಬಾನೆ ತಂಡ ನಮ್ಮದು. ಅತ್ತೆಯಿಂದ ಸೊಸೆಗೆ ಇಳಿದು ಬಂದ ಹಾಡುಗಳನ್ನು ನಮ್ಮ ಕಾಲದಲ್ಲಿ ಎತ್ತಿಕೊಡುತ್ತಿದ್ದವರು ಪಕ್ಕದ ಮನೆಯ ಅಜ್ಜಿ. ಅಂಗೈಯನ್ನು ಕಿವಿಗೆ ಒತ್ತಿಕೊಂಡೇ ಹಾಡುತ್ತಿದ್ದರು. ನಾವು ಮೈಮರೆತು ಏನೋ ಒಂದು ಪದ ತುರುಕಿದರೆ ಗದರುತ್ತಿದ್ದರು: "ಹಸೆ ಮುಂದೆ ಹಾಡಿದ್ದು ಸುಳ್ಳಾಗ್ಬಾರ್ದು ಕಣ್ರೇ!"

ಹಸೆ ಹಾಡಿನಲ್ಲಿ ಮದುಮಗಳ ತಾಯಿಯ ಹೆಸರನ್ನು ಸೇರಿಸುವುದು ನಮ್ಮ ವಾಡಿಕೆ. ವಿಮಾನಪುರದ ಒಂದು ಮದುವೆಯಲ್ಲಿ ಅಜ್ಜಿ ಹುಡುಗಿಯತ್ತ ಬಗ್ಗಿ, "ನಿಮ್ಮಮ್ಮನ ಹೆಸ್ರೇನವ್ವಾ?" ಎಂದು ಕೇಳಿದರು.

"ಗೊತ್ತಿಲ್ಲ ಅಜ್ಜಿ. ನಾನು ಆಶ್ರಮದಲ್ಲಿ ಬೆಳ್ದೋಳು."

ಅಜ್ಜಿ ಕಿವಿಗೆ ಕೈಯಿಟ್ಟು ತಮ್ಮ ಹೆಸರನ್ನೇ ಸೇರಿಸಿ ಹಾಡಿದರು. ನಾವೂ ದನಿಗೂಡಿಸಿದೆವು.

ಆ ವರ್ಷದ ಗೌರಿಹಬ್ಬಕ್ಕೆ ಅಜ್ಜಿ ತವರಿನ ಬಾಗಿನ ಹಿಡಿದುಕೊಂಡು ವಿಮಾನಪುರದ ಬಸ್ಸು ಹತ್ತಿದರು.