ಡಬ್ಬಿಯಲ್ಲಿ ಉಳಿದ ಹಾಳೆ

ಕಾಕಾ ಅವರ ಹುಬ್ಬಿನಲ್ಲಿ ಯಾವಾಗಲೂ ಒಂದೆರಡು ಹತ್ತಿಯ ಎಳೆ ಸಿಕ್ಕಿಕೊಂಡಿರುತ್ತಿದ್ದವು. ಬೋರಗಾಂವದ ಪವರ್‌ಲೂಮ್ ಶೆಡ್ಡಿನಲ್ಲಿ ಮೂವತ್ತು ವರ್ಷ ದುಡಿದ ಮನುಷ್ಯ. ಮಗ್ಗದ ಸದ್ದಿಗೆ ಎರಡೂ ಕಿವಿ ಹೋಗಿದ್ದವು. ಎದುರಿಗಿದ್ದವರ ತುಟಿ ನೋಡಿಯೇ ಮಾತು ಹಿಡಿಯುತ್ತಿದ್ದರು. ಅಂಥವರು ನಮ್ಮ ಬರಹಗಾರರ ಬಳಗದ ಕಾರ್ಯದರ್ಶಿ! ಕೇಳಿದವರು ನಗುತ್ತಿದ್ದರು. ನಾನೂ ನಕ್ಕವಳೇ.

ತಿಂಗಳ ಕೊನೆಯ ರವಿವಾರ ಅವರ ಮನೆಯ ಪಡಸಾಲೆಯಲ್ಲಿ ಸೇರುತ್ತಿದ್ದೆವು. ಕಾಕಾ ಒಂದು ವಿಷಯ ಕೊಡುತ್ತಿದ್ದರು. ಅರ್ಧ ತಾಸು ಬರೆದು, ಹೆಸರು ಹಾಕದೆ ಹಾಳೆ ಮಡಚಿ ಸ್ಟೀಲಿನ ಡಬ್ಬಿಗೆ ಹಾಕಬೇಕು. ಡಬ್ಬಿ ಅಲುಗಾಡಿಸಿದ ಮೇಲೆ ಒಬ್ಬರ ಬರಹ ಇನ್ನೊಬ್ಬರು ಓದಬೇಕು. "ತಾ ಬರದದ್ದ ತಾ ಓದಬಾರದು. ಇನ್ನೊಬ್ಬರ ಬಾಯಾಗ ಬಂದಾಗನ ಅದು ಬರವಣಿಗಿ," ಎನ್ನುತ್ತಿದ್ದರು. ಓದುವವರ ಮುಖ ತಮಗೆ ಕಾಣಬೇಕೆಂದು ಎಲ್ಲರಿಗೂ ಒಂದೇ ತಾಕೀತು: "ನನ್ನ ಕಡೆ ಮಾರಿ ಮಾಡಿ ಓದ್ರಿ."

ಅಂಕಲಿಯಿಂದ ಬಸ್ಸು ಹಿಡಿದು ಮೊದಲ ಸಲ ಹೋದಾಗ ನನ್ನ ಹಾಳೆ ಅವರ ಕೈಗೇ ಬಂತು. ಅತ್ತೆಯ ಮೇಲಿನ ಸಿಟ್ಟನ್ನೆಲ್ಲ ಅದರಲ್ಲಿ ಕಾರಿದ್ದೆ. ಕಿವುಡರ ದನಿ ಕೇಳಬೇಕೆ, ಓಣಿಗೆಲ್ಲ ಕೇಳುವಂತೆ ಓದಿದರು. ನಾನು ತಲೆ ತಗ್ಗಿಸಿ ಕೂತೆ. ಓದಿ ಮುಗಿಸಿ, "ಯಾರ ಬರದಾರೋ ಏನೋ, ಖರೇ ಬರದಾರ," ಎಂದರು. ನಾನು ಬರೆದದ್ದನ್ನು ಅದುವರೆಗೆ ಯಾರೂ ಓದಿರಲಿಲ್ಲ. ನಾನಿಂದು ಬರೆಯುವುದೆಲ್ಲ ಆ ಒಂದು ಮಾತಿನ ಋಣ.

ಹದಿನೈದು ಜನರಿದ್ದ ಬಳಗ ಆಮೇಲೆ ಕರಗುತ್ತ ಬಂತು. "ಗ್ರೂಪಿಗೆ ಹಾಕ್ತೀವಿ ಬಿಡ್ರಿ ಕಾಕಾ," ಎಂದವರು ಮೊಬೈಲಿನಲ್ಲೇ ಕವಿತೆ ಕಳಿಸಿ, ಒಬ್ಬರಿಗೊಬ್ಬರು ಮೆಚ್ಚುಗೆಯ ಹೆಬ್ಬೆರಳು ಒತ್ತಿಕೊಂಡು ಸುಮ್ಮನಾದರು. ಕೊನೆಗೆ ಉಳಿದವರು ಕಾಕಾ ಮತ್ತು ನಾನು. ಇರುವುದು ಎರಡೇ ಹಾಳೆ, ಆದರೂ ಡಬ್ಬಿ ಅಲುಗಾಡಿಸುವುದನ್ನು ಅವರು ಬಿಡಲಿಲ್ಲ.

"ಇದೆಲ್ಲ ಯಾಕ್ರಿ ಇನ್ನ?" ಎಂದು ಒಮ್ಮೆ ಕೇಳಿಯೇಬಿಟ್ಟೆ.

"ನೀ ಬರ್ತಿ ಅಲ್ಲ ತಂಗಿ," ಎಂದರು.

ಅದರ ಮುಂದಿನ ತಿಂಗಳ ರವಿವಾರವೇ ನಾನು ಹೋಗಲಿಲ್ಲ. ರಾಯಬಾಗದಲ್ಲಿ ಕವಿಗೋಷ್ಠಿ, ಶಾಲು, ಫೋಟೊ. ಬರುತ್ತೇನೆಂದು ಕಾಕಾಗೆ ಮೆಸೇಜು ಹಾಕಿದ್ದವಳು, ಬರುವುದಿಲ್ಲವೆಂದು ಹಾಕಲು ಮರೆತೆ. ಮರೆತೆ ಎಂಬುದೂ ಸುಳ್ಳು. ಹೇಳಲು ನಾಚಿಕೆಯಾಗಿತ್ತು. ಮುಂದಿನ ತಿಂಗಳು ಹೋದರಾಯಿತು ಎಂದುಕೊಂಡೆ. ಹತ್ತು ದಿನಕ್ಕೆ ಕಾಕಾ ತೀರಿಕೊಂಡ ಸುದ್ದಿ ಬಂತು, ಅದೇ ಗ್ರೂಪಿನಲ್ಲಿ.

ನಾನು ಹೋದಾಗ ಪಡಸಾಲೆಯಲ್ಲಿ, ನಮ್ಮ ಕಡೆಯ ರೂಢಿಯಂತೆ, ಅವರ ದೇಹವನ್ನು ಗೋಡೆಗೆ ಆನಿಸಿ, ಹೂ ಹಾಕಿ ಕೂರಿಸಿದ್ದರು. ರವಿವಾರ ಅವರು ಕೂರುತ್ತಿದ್ದ ಜಾಗವೇ ಅದು. ಅವರ ಹೆಂಡತಿ ಕಾಕು ಒಳಗಿನಿಂದ ಡಬ್ಬಿ ತಂದು ನನ್ನ ಮುಂದಿಟ್ಟರು. ಅದರಲ್ಲಿ ಒಂದೇ ಹಾಳೆ ಇತ್ತು.

"ಆವತ್ತ ಸಂಜೀತನ ನಿನ್ನ ದಾರಿ ನೋಡಿದ್ರು. ಒಬ್ಬರ ಕುಂತ ಬರದ್ರು. ನನಗ ಓದಾಕ ಬರಂಗಿಲ್ಲ. ತಂಗಿ ಬಂದ ಓದ್ತಾಳ ಅಂತ ಇದರಾಗ ಇಟ್ಟಿದ್ರು."

ನಾನು ಹಾಳೆ ಬಿಡಿಸಿದೆ.

"ಅವರ ಕಡೆ ಮಾರಿ ಮಾಡಿ ಓದ ಯವ್ವಾ," ಎಂದರು ಕಾಕು.

ಎದುರು ಕೂತು, ಒಂದೊಂದು ಅಕ್ಷರಕ್ಕೂ ತುಟಿ ಬಿಡಿಸಿ ಓದಿದೆ. ಮೇಲೆ ವಿಷಯ: ಬಾಗಿಲು. ಕೆಳಗೆ ಎರಡೇ ಸಾಲು: "ಬಾಗಲಾ ಬಡದರ ನನಗ ಕೇಳಂಗಿಲ್ಲ. ಅದಕ್ಕ ತಗದ ಇಟ್ಟೀನಿ."

ಸ್ನಾನ ಮಾಡಿಸಿದ್ದರಿಂದ ಹುಬ್ಬಿನಲ್ಲಿ ಹತ್ತಿಯ ಎಳೆ ಇರಲಿಲ್ಲ. ಕಾಕಾ ಅವರ ಕಣ್ಣು ಮುಚ್ಚಿದ್ದವು.