ಗರಿಕೆಯ ಪದ್ಯಕ್ಕೆ ನಾವು ಕೊಟ್ಟ ಸೊಲ್ಲು

ಮೊಮ್ಮಕ್ಕಳೇ, ಕಾಲೇಜಿನ ಕವಿತಾ ಸ್ಪರ್ಧೆಯಲ್ಲಿ ನಾನು ಬಾಯಿಬಿಟ್ಟ ಸಂಗತಿಯನ್ನು ನಿಮ್ಮಕ್ಕ ನಿಮಗೆಲ್ಲ ಉಪ್ಪುಖಾರ ಹಚ್ಚಿ ಹೇಳಿದ್ದಾಳೆ. ಅವಳು ಹೇಳಿದ್ದೇ ನಿಜ ಅಂತ ಉಳಿಯಬಾರದಲ್ಲ, ಅದಕ್ಕೆ ನಾನೂ ಬರೆಯುತ್ತಿದ್ದೇನೆ.

ಹೋದ ವರ್ಷ ಅವಳು ಅದೇ ವೇದಿಕೆ ಹತ್ತಿ, ಅರ್ಧ ಪದ್ಯ ಹೇಳಿ, ಮುಂದಿನದು ಮರೆತು ಅಳುತ್ತಾ ಇಳಿದಿದ್ದಳು. ನನ್ನ ಮೊಮ್ಮಗಳೇ ಸರಿ. ನಾಲ್ಕು ಜನ ಕೂತಿರುವ ಕಡೆ ನಾನೂ ಹಿಂದಿನ ಸಾಲು ಹುಡುಕುತ್ತೇನೆ. ಈ ಸಲ ಬಹುಮಾನದ ಆಸೆ ಅವಳಿಗಿರಲಿಲ್ಲ. ಕೊನೆಯವರೆಗೆ ಹೇಳಿ ಇಳಿದರೆ ಸಾಕಾಗಿತ್ತು.

ಗುಬ್ಬಿಯ ನಮ್ಮ ಮನೆಯಲ್ಲಿ ನಾನು ಅವರೆಕಾಳು ಹಿತುಕುತ್ತಿದ್ದಾಗ ಪದ್ಯ ಓದಿದಳು. ದಬ್ಬಾಳಿಕೆಗೆ ಬಗ್ಗದವರ ಮೇಲೆ ಅವಳೇ ಬರೆದ ಪದ್ಯ. ಅದರಲ್ಲಿ ಒಬ್ಬ ಯಜಮಾನ ಗರಿಕೆಯನ್ನು ಬೆದರಿಸುತ್ತಾನೆ. ತುಳಿಯುತ್ತೀನಿ, ಮೇಲೆ ಗಾಡಿ ಹರಿಸುತ್ತೀನಿ, ಕಿತ್ತು ಬಿಸಿಲಿಗೆ ಹಾಕುತ್ತೀನಿ ಅಂತ. ಅವನ ಮಾತು ಉದ್ದುದ್ದ. ಗರಿಕೆಯದು ಪ್ರತಿ ಸಲವೂ ಒಂದೇ ಉತ್ತರ: “ಇಲ್ಲೇ ಇದೀನಿ, ಇಲ್ಲೇ ಇರ್ತೀನಿ.”

“ಗರಿಕೆ ಅಂದ್ರೆ ಯಾರು ಗೊತ್ತಾ ಅಜ್ಜಿ? ತುಳಿಸಿಕೊಂಡ ಜನ. ಇದನ್ನ ರೂಪಕ ಅಂತಾರೆ.”

“ಗರಿಕೆನಾ! ಬೇರೆ ಯಾವ್ದೂ ಸಿಗ್ಲಿಲ್ವೇನೇ ನಿಂಗೆ? ರಾಗಿ ಹೊಲದಲ್ಲಿ ಅದನ್ನ ಕಿತ್ತೂ ಕಿತ್ತೂ ಸೊಂಟ ಬಿದ್ದೋಯ್ತು ನಂದು. ಹಂಗಾರೆ ದಬ್ಬಾಳಿಕೆ ಮಾಡ್ದೋಳು ನಾನಾ?”

“ಅಯ್ಯೋ, ಪದ್ಯದಲ್ಲಿ ನೀನೂ ಗರಿಕೆನೇ ಕಣಜ್ಜಿ!”

“ಸರಿ ಹೋಯ್ತು. ನನ್ನ ನಾನೇ ಕಿತ್ಕಂಡ್ನಾ?”

ಇಬ್ಬರೂ ನಕ್ಕೆವು. ನಗು ನಿಂತ ಮೇಲೆ ಅವಳು ಮೆಲ್ಲಗೆ ಹೇಳಿದಳು: “ಒಂದೇ ಸಾಲು ತುಂಬ ಸಲ ಬಂತು, ಕಡಿಮೆ ಮಾಡು ಅಂದ್ರು ಮೇಷ್ಟ್ರು. ತೆಗೀಲಾ?”

ಆಗ ನನಗೆ ಕೊತ್ತಗೆರೆಯ ಹೊಲ ನೆನಪಾಯಿತು. ಮದುವೆಯಾಗಿ ಬಂದ ಹೊಸತು, ನಮ್ಮದು ಅಂತ ಹೊಲವಿರಲಿಲ್ಲ. ನಾನೂ ನನ್ನ ಓರಗಿತ್ತಿಯೂ ಊರಿನ ದೊಡ್ಡ ಕುಳದ ಹೊಲಕ್ಕೆ ಕಳೆ ಕೀಳಲು ಹೋಗುತ್ತಿದ್ದೆವು. ಬದುವಿನ ಮೇಲೆ ಅವರ ಮೇಸ್ತ್ರಿ ಕೊಡೆ ಹಿಡಿದು ನಿಂತಿರುತ್ತಿದ್ದ. ಯಾರಾದರೂ ಹಿಂದೆ ಬಿದ್ದರೆ, ಬಸುರಿಯಾಗಲಿ ಮುದುಕಿಯಾಗಲಿ, ಬಾಯಿಗೆ ಬಂದಂತೆ ಬೈದು ಮನೆಗೆ ಅಟ್ಟುತ್ತಿದ್ದ. ಹಾಗಾಗಿ ಹೆಂಗಸರು ಪದ ಹೇಳುತ್ತಿದ್ದರು. ಒಬ್ಬಳು ಪದದ ಒಂದು ನುಡಿ ಹೇಳಿದರೆ ಉಳಿದವರೆಲ್ಲ ಸೇರಿ ಸೊಲ್ಲು ಕೊಡುವುದು. ಸೊಲ್ಲು ಅಂದರೆ ತಿರುತಿರುಗಿ ಬರುವ ಅದೇ ಮಾತು. ಯಾರಾದರೂ ಹಿಂದೆ ಬಿದ್ದರೆ, ಅವಳು ಬಂದು ಸೇರುವ ತನಕ ಮುಂದಿನ ನುಡಿ ಹೇಳುವಂತಿರಲಿಲ್ಲ. ಸೊಲ್ಲನ್ನೇ ಹೇಳುತ್ತಾ, ಅಕ್ಕಪಕ್ಕದವರು ಕೈ ಚಾಚಿ ಅವಳ ಪಾಲಿನ ಕಳೆಯನ್ನೂ ಕೀಳುತ್ತಿದ್ದರು. ಮೇಸ್ತ್ರಿಗೆ ಕಾಣುತ್ತಿದ್ದದ್ದು ಹಾಡುವ ಒಂದೇ ಸಾಲು. ಹಿಂದೆ ಬಿದ್ದವಳು ಯಾರೆಂದು ಅವನಿಗೆ ಗೊತ್ತೇ ಆಗುತ್ತಿರಲಿಲ್ಲ. ನಾನು ಜೋರಾಗಿ ದನಿ ಎತ್ತಿದ್ದು ಅಲ್ಲಿ ಮಾತ್ರ, ಅದೂ ಹತ್ತು ದನಿಯ ನಡುವೆ.

ಇಷ್ಟು ಹೇಳಿ, “ತೆಗೀಬ್ಯಾಡ ಕಣೇ” ಅಂದೆ. ಅವಳು ತೆಗೆಯಲಿಲ್ಲ.

ಸ್ಪರ್ಧೆಯ ದಿನ ಓರಗಿತ್ತಿ ಕುಣಿಗಲ್ ಬಸ್ಸಿನಲ್ಲಿ ತುಮಕೂರಿಗೆ ಬಂದಳು, ಕೈಯಲ್ಲಿ ಒಂದು ಚೀಲ ತೆಂಗಿನಕಾಯಿ. ಶಿರಾ ಗೇಟ್ ಹತ್ತಿರದ ಸಭಾಂಗಣದಲ್ಲಿ ಚೀಲವನ್ನು ಕಾಲಸಂದಿಯಲ್ಲಿಟ್ಟುಕೊಂಡು ಹಿಂದಿನ ಸಾಲಿನಲ್ಲಿ ಕೂತೆವು. ನಿಮ್ಮಕ್ಕ ಚೆನ್ನಾಗಿಯೇ ಶುರು ಮಾಡಿದಳು. ಯಜಮಾನ ಬೆದರಿಸಿದ, ಗರಿಕೆ ಉತ್ತರ ಕೊಟ್ಟಿತು. ಮತ್ತೆ ಬೆದರಿಸಿದ, ಮತ್ತೆ ಉತ್ತರ. ಆಮೇಲೆ ಅವಳು ನಿಂತುಬಿಟ್ಟಳು. ಬಾಯಿ ತೆರೆದಿದೆ, ಮಾತಿಲ್ಲ.

ನಾನು ಯೋಚನೆ ಮಾಡಿ ಮಾಡಿದ್ದಲ್ಲ. ಒಬ್ಬಳು ಹಿಂದೆ ಬಿದ್ದಳು, ಸೊಲ್ಲು ಕೊಡಬೇಕು, ಅಷ್ಟೇ. ಹಳೆಯ ಹೊಲದ ರಾಗದಲ್ಲಿ ನನ್ನ ಬಾಯೂ ಓರಗಿತ್ತಿಯ ಬಾಯೂ ಒಟ್ಟಿಗೆ ಎತ್ತಿಕೊಂಡವು: “ಇಲ್ಲೇ ಇದೀನೀ, ಇಲ್ಲೇ ಇರ್ತೀನೀ...”

ಇಡೀ ಸಭೆ ಹಿಂದಕ್ಕೆ ತಿರುಗಿತು. ನಾನು ಸೆರಗನ್ನು ಬಾಯಿಗೆ ತುರುಕಿಕೊಂಡೆ. ಓರಗಿತ್ತಿ ಎಲ್ಲಿ ನಿಲ್ಲಿಸುತ್ತಾಳೆ! “ಅವ್ಳು ಇನ್ನೂ ಬಂದಿಲ್ಲ ಕಣಕ್ಕ, ಹೇಳು” ಅಂತ ನನ್ನ ತೊಡೆಗೆ ತಿವಿದು ಸೊಲ್ಲನ್ನು ಇನ್ನೊಂದು ಸಲ ಎಳೆದಳು. ನಾನೂ ಸೆರಗು ತೆಗೆದೆ. ಮುಂದಿದ್ದ ಹುಡುಗಿಯರು ಕಿಸಕ್ಕನೆ ನಕ್ಕರು, ಆಮೇಲೆ ಅವರೂ ಸೇರಿಕೊಂಡರು. ವೇದಿಕೆಯ ಮೇಲೆ ನಿಮ್ಮಕ್ಕನಿಗೆ ನಗು ಬಂತು. ನಗುವಿನ ಹಿಂದೆಯೇ ಮರೆತ ಮಾತೂ ಬಂತು. ಅಲ್ಲಿಂದಾಚೆ ಅವಳು ಯಜಮಾನನ ಮಾತು ಹೇಳಿದರೆ ಗರಿಕೆಯ ಉತ್ತರವನ್ನು ಸಭೆಗೆ ಸಭೆಯೇ ಕೊಟ್ಟಿತು.

ಬಹುಮಾನ ಬರಲಿಲ್ಲ. ಸಭೆಯಲ್ಲಿ ಕೂತವರು ಹೇಳಿಕೊಡುವ ಹಾಗಿಲ್ಲ ಅಂದರು ತೀರ್ಪುಗಾರರು. ಓರಗಿತ್ತಿ ನೇರವಾಗಿ ಅವರ ಮುಂದೆ ಹೋಗಿ ನಿಂತಳು.

“ಹೇಳ್ಕೊಟ್ಟೋರು ಯಾರು ಸ್ವಾಮಿ? ಅವಳಿಗೆ ಮರ್ತಿದ್ದೇ ಬೇರೆ ಮಾತು. ನಾವು ಸೊಲ್ಲು ಕೊಟ್ವಿ.”

ಅವರು ನಕ್ಕು ಕೈ ಮುಗಿದರು. ತೀರ್ಪು ಬದಲಾಗಲಿಲ್ಲ.

ಹೊರಗೆ ಬಂದು ಹೋಟೆಲಿನಲ್ಲಿ ತಟ್ಟೆ ಇಡ್ಲಿ ತಿಂದೆವು. ನಿಮ್ಮಕ್ಕ ಚಟ್ನಿಯ ಕೈಯಲ್ಲೇ ನನ್ನ ತೋಳು ಹಿಡಿದು ಕೇಳಿದಳು: “ಕೊನೇವರೆಗೂ ಹೇಳ್ದೆ ಅಲ್ವಾ ಅಜ್ಜಿ?”

“ಹೇಳ್ದೆ ಕಣವ್ವ.”

“ನಿಂಗೆ ಇಷ್ಟ ಇಲ್ಲ ಅಂದ್ರೆ ಗರಿಕೆ ತೆಗ್ದು ರಾಗಿ ಹಾಕ್ತೀನಿ.”

ಓರಗಿತ್ತಿ ಬಾಯಲ್ಲಿದ್ದ ಇಡ್ಲಿ ನುಂಗಿ ಹೇಳಿದಳು: “ಗರಿಕೆನೇ ಇರ್ಲಿ ಬುಡು. ರಾಗಿಗೆ ಅಷ್ಟು ಹಟ ಎಲ್ಲೈತೆ?”

ಅಷ್ಟು ವರ್ಷ ಅದನ್ನು ಕಿತ್ತವಳು ನಾನು. “ಹೂಂ, ಅದೇ ಇರ್ಲಿ” ಅಂದೆ.