ಹೂಂ ಅನ್ನುವ ಅತ್ತೆ

ನನ್ನ ಸೋದರತ್ತೆ ದರ್ಜಿ. ನಮ್ಮ ಕಟ್ಟಡದಲ್ಲಿ ಎಲ್ಲರಿಗೂ ಸೇರಿದ ಕೆಳಗಿನ ಕೋಣೆಯಲ್ಲಿ ಅವಳ ಹೊಲಿಗೆ ಯಂತ್ರ. ಮಂಡಿ ನೋವಿನವಳಿಗೆ ಮೆಟ್ಟಿಲು ಹತ್ತುವ ಗೋಜಿಲ್ಲ.

ಕಿವಿ ಮಂದವಾಗಿ ಕೆಲವು ವರ್ಷಗಳಾಗಿದ್ದರೂ ಅದನ್ನು ಒಪ್ಪಿಕೊಳ್ಳಲು ಅವಳು ಸುತರಾಂ ತಯಾರಿರಲಿಲ್ಲ. ಯಾರು ಏನಂದರೂ ತುಟಿ ನೋಡಿ, ಅರ್ಧ ಊಹಿಸಿ, ನಗುತ್ತ "ಹೂಂ" ಅನ್ನುವಳು. ಒಬ್ಬರು ಪ್ಯಾಂಟಿನ ತುದಿ ‘ಮಡಿಸಿ’ ಅಂದರೆ ಇವಳು ‘ಬಿಡಿಸಿ’ ಎಂದುಕೊಂಡು ಮಡಿಕೆ ಬಿಚ್ಚಿಟ್ಟಳು. ಪ್ಯಾಂಟು ನೆಲ ಗುಡಿಸಿತು. ಈಗ ಅದೇ ಫ್ಯಾಷನ್ ಎಂದು ಅವರನ್ನು ಸಾಗಹಾಕಿದಳು, ಘಾಟಿ! ಹಿಂದಿನಿಂದ ಕರೆದರೆ ತಿರುಗುತ್ತಿರಲಿಲ್ಲವಾದ್ದರಿಂದ ನೆರೆಯವರು ಅದಕ್ಕೆ ಜಾಣಕಿವುಡು ಎಂದು ಹೆಸರಿಟ್ಟರು.

ಕಟ್ಟಡದವರ ಸಭೆಯಲ್ಲಿ ಫ್ಯಾನು ಗರಗರ ಅನ್ನುತ್ತದೆ, ಮೂವರು ಒಟ್ಟಿಗೆ ಬಾಯಿ ಹಾಕುತ್ತಾರೆ, ಅಧ್ಯಕ್ಷರಾದ ನಿವೃತ್ತ ಹೆಡ್‌ಮಾಸ್ತರರು ಮೀಸೆಯೊಳಗೇ ಮಾತಾಡುತ್ತಾರೆ. ಕೆಳಗಿನ ಕೋಣೆಯನ್ನು ಸೈಕಲ್ ಇಡಲು ಬಿಟ್ಟುಕೊಡುತ್ತೀರಾ ಎಂದು ಒಮ್ಮೆ ಅವರು ಅತ್ತೆಯನ್ನೇ ಕೇಳಿದರು. ಟೀ ಚೆನ್ನಾಗಿದೆಯಾ ಅಂದರೆಂದುಕೊಂಡು ಅತ್ತೆ "ಹೂಂ" ಅಂದಳು. ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿಹಾಕಿಕೊಂಡಿದ್ದಳು.

ಮರುದಿನ ಕಾವಲುಗಾರ ಯಂತ್ರ ಸಾಗಿಸಲು ಬಂದಾಗ ವಿಷಯ ತಿಳಿಯಿತು. ಮುಂದಿನ ಸಭೆವರೆಗೆ ತಡೆಯಿರಿ ಎಂದು ಹೇಳಿ ಅವನನ್ನು ಕಳಿಸಿದೆ. ನನಗೆ ಸಿಟ್ಟೂ ಬಂತು, ಸಂಕಟವೂ ಆಯಿತು. ಕಿವಿ ಕೇಳಲ್ಲ ಅಂತ ಸಭೆಯಲ್ಲಿ ಹೇಳಿಬಿಡು ಅಂದೆ.

"ಕಿವುಡಿ ಅಂತ ಗೊತ್ತಾದ್ರೆ ಯಾರೇ ನಂಗೆ ಬಟ್ಟೆ ಕೊಡ್ತಾರೆ?"

"ಹೇಳದೇ ಇದ್ರೆ ಹೊಲಿಯೋಕೆ ಜಾಗನೇ ಇರಲ್ಲ, ಅತ್ತೆ."

ಸಭೆಯ ದಿನ ಅವಳು ಎದ್ದು ನಿಂತಳು. "ನಂಗೆ ಕಿವಿ ಸರಿಯಾಗಿ ಕೇಳ್ಸಲ್ಲ. ಆವತ್ತು ನೀವು ಕೇಳಿದ್ದು ಏನು ಅಂತಾನೇ ಗೊತ್ತಾಗ್ಲಿಲ್ಲ. ಫ್ಯಾನ್ ಆರಿಸಿ. ನನ್ನ ಕಡೆ ಮುಖ ಮಾಡಿ ಒಬ್ಬೊಬ್ಬರೇ ಮಾತಾಡಿ. ಆಮೇಲೆ ಇನ್ನೊಂದ್ಸಲ ಕೇಳಿ."

ಜಾಣಕಿವುಡು ಅಂದವರೆಲ್ಲ ಸೀಲಿಂಗ್ ನೋಡತೊಡಗಿದರು. ಯಾರೋ ಫ್ಯಾನ್ ಆರಿಸಿದರು. ಅತ್ತೆಗೆ ಧೈರ್ಯ ಬಂದಿತ್ತು. "ಮೇಷ್ಟ್ರೇ, ನಿಮ್ಮ ಮೀಸೇಲಿ ತುಟಿನೇ ಕಾಣಲ್ಲ" ಅಂದಳು.

ಸಭೆ ಬಿದ್ದು ಬಿದ್ದು ನಕ್ಕಿತು. ಮೇಷ್ಟ್ರು ಮೊದಲು ಕೆಂಪಾದರು, ಆಮೇಲೆ ತಾವೂ ನಕ್ಕರು. ಎರಡು ಬೆರಳಿಂದ ಮೀಸೆ ಎತ್ತಿ ಹಿಡಿದು, ಶಾಲೆಯಲ್ಲಿ ಉಕ್ತಲೇಖನ ಕೊಟ್ಟ ಹಾಗೆ ಬಿಡಿಸಿ ಬಿಡಿಸಿ ಕೇಳಿದರು: "ಕೋಣೇನ ಸೈಕಲ್‌ಗೆ ಬಿಟ್ಟುಕೊಡೋಕೆ ನಿಮ್ಮ ಒಪ್ಪಿಗೆ ಇದೆಯಾ?"

ಎಲ್ಲರೂ ಬೆವರು ಒರೆಸಿಕೊಳ್ಳುತ್ತ ಅವಳನ್ನೇ ನೋಡಿದರು.

"ಇಲ್ಲ" ಅಂದಳು ಅತ್ತೆ. "ಸೈಕಲ್‌ನ ಮೆಟ್ಟಿಲ ಕೆಳಗೆ ಇಡಿ. ಅಲ್ಲಿ ಬೇಕಾದಷ್ಟು ಜಾಗ ಇದೆ."

ಹಾಗೇ ಆಗಲಿ ಎಂದು ಮೇಷ್ಟ್ರು ಕೈ ಎತ್ತಿದರು, ಉಳಿದವರೂ ಎತ್ತಿದರು. ಅತ್ತೆ ಇಲ್ಲ ಅಂದದ್ದನ್ನು ಅವಳ ಕಿವಿ ಮಂದವಾದ ಮೇಲೆ ನಾನು ಕೇಳಿದ್ದು ಅದೇ ಮೊದಲು.